ನಾಲ್ಕೂವರೆ ಗಂಟೆಯ ನಂತರ

(ವಿಶ್ವ ಪಾರ್ಶ್ವವಾಯು ದಿನದ ಅಂಗವಾಗಿ ಬೆಂಗಳೂರಿನ ಹಿರಿಯ ನಾಗರಿಕರ ಸಭೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ನೀಡಿದ ಉಪನ್ಯಾಸ)

ಹಿರಿಯರೇ, ಮನೆಯಲ್ಲಿ ಕಾಯಿಲೆಯವರನ್ನು ಬೇರೆಯವರಿಗೆ ಒಪ್ಪಿಸಿ ಇಲ್ಲಿಗೆ ಬಂದಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಪಾರ್ಶ್ವವಾಯು ಹೊಡೆದ ಮೇಲೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಇರುವ ನಾಲ್ಕೂವರೆ ಗಂಟೆಯ ಮಹತ್ವವನ್ನು ನನಗಿಂತ ಮೊದಲು ಮಾತನಾಡಿದ ವೈದ್ಯರು ಚೆನ್ನಾಗಿ ಮನದಟ್ಟು ಮಾಡಿಸಿದ್ದಾರೆ. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ನಾಟಿ ಔಷಧಿ ಹುಡುಕುತ್ತಾ, ಪಾರಿವಾಳದ ರಕ್ತ ತಿಕ್ಕಿಸುತ್ತಾ ಹೊತ್ತು ಕಳೆಯಬಾರದು, 108ಕ್ಕೆ ಕರೆ ಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಈ ಸಭೆಗೆ ಮತ್ತೆ ಹೇಳಬೇಕಾಗಿಲ್ಲ. ನಾನು ಹೇಳಲು ಬಂದಿರುವುದು ಆ ನಾಲ್ಕೂವರೆ ಗಂಟೆ ಮುಗಿದ ಮೇಲಿನ ಸಂಗತಿ.

ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಕ್ಕವರು, ಸಿಗದವರು, ಮಿದುಳಿನಲ್ಲಿ ರಕ್ತಸ್ರಾವವಾದವರು ಎಲ್ಲರೂ ಕೆಲವು ದಿನಗಳ ನಂತರ ಆಸ್ಪತ್ರೆಯ ಅದೇ ಬಾಗಿಲಿನಿಂದ ಹೊರಗೆ ಬರುತ್ತಾರೆ. ಕೈಯಲ್ಲಿ ಡಿಸ್ಚಾರ್ಜ್ ಚೀಟಿ ಇರುತ್ತದೆ. ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ, ಊಟಕ್ಕೆ ಮೊದಲೋ ಆಮೇಲೋ, ಎಷ್ಟು ಮಿಲಿಗ್ರಾಂ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಕೊನೆಯ ಸಾಲಿನಲ್ಲಿ ‘ಫಿಸಿಯೋಥೆರಪಿ ಮುಂದುವರಿಸಿ’ ಎಂದಿರುತ್ತದೆ. ಎಷ್ಟು? ಎಲ್ಲಿ? ಯಾರಿಂದ? ಎಲ್ಲಿಯವರೆಗೆ? ಅದಕ್ಕೆ ಉತ್ತರವಿಲ್ಲ. ಆ ಒಂದು ಸಾಲನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇಂದಿನ ನನ್ನ ಮಾತು ಹುಟ್ಟಿರುವುದು ಆ ಸಿಟ್ಟಿನಿಂದಲೇ. ಅಭ್ಯಾಸವೂ ಔಷಧಿಯೇ. ಅದಕ್ಕೂ ಪ್ರಮಾಣ ಬೇಕು. ಅದನ್ನು ಕೊಡುವವರು ಯಾರೆಂದು ಗೊತ್ತಿರಬೇಕು.

ಪಾರ್ಶ್ವವಾಯುವಿನಲ್ಲಿ ಸತ್ತ ನರಕೋಶಗಳು ಮರಳಿ ಹುಟ್ಟುವುದಿಲ್ಲ. ಆದರೆ ಅವುಗಳ ಸುತ್ತಮುತ್ತ ಉಳಿದಿರುವ ಕೋಶಗಳು, ಮಿದುಳಿನ ಬೇರೆ ಭಾಗದ ನರಜಾಲಗಳು ಆ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿತುಕೊಳ್ಳಬಲ್ಲವು. ಸುಮ್ಮನೆ ಮಲಗಿದ್ದರೆ ಕಲಿಯುವುದಿಲ್ಲ. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸಿದರೆ ಕಲಿಯುತ್ತವೆ. ಮೊದಲ ಮೂರು ತಿಂಗಳಲ್ಲಿ ಈ ಕಲಿಕೆ ಅತಿ ವೇಗವಾಗಿ ನಡೆಯುತ್ತದೆ. ಹಾಗೆಂದು ಮೂರು ತಿಂಗಳ ನಂತರ ಬಾಗಿಲು ಮುಚ್ಚುತ್ತದೆ ಎಂದಲ್ಲ. ‘ಇಷ್ಟು ದಿನದಲ್ಲಿ ಬಾರದ್ದು ಇನ್ನು ಬರುವುದಿಲ್ಲ’ ಎಂದು ನೆಂಟರು ಹೇಳಿ ಹೋದ ಮನೆಗಳಲ್ಲಿ ಆರನೆಯ ತಿಂಗಳಲ್ಲಿ ಬೆರಳು ಬಿಚ್ಚಿಕೊಂಡಿದ್ದನ್ನು ನಾನು ನೋಡಿದ್ದೇನೆ.

ಗಾಂಧಿ ಬಜಾರಿನಲ್ಲಿ ಹೂ ಮಾರುತ್ತಿದ್ದ ಒಬ್ಬ ಅಮ್ಮನ ಸಂಗತಿ ಹೇಳುತ್ತೇನೆ. ಹೆಸರು ಬೇಡ. ಬಲಗೈ, ಬಲಗಾಲಿಗೆ ಪಾರ್ಶ್ವವಾಯು ಹೊಡೆದಿತ್ತು. ಮಾತಿಗೆ ಏನೂ ಆಗಿರಲಿಲ್ಲ. ನಾನು ಅವರ ಮನೆಗೆ ಹೋದ ಮೊದಲ ದಿನವೇ ನನಗದು ಖಚಿತವಾಯಿತು. ಮಗ ಪ್ರೀತಿಯಿಂದ ಒಂದು ಹಳದಿ ರಬ್ಬರ್ ಚೆಂಡು ತಂದುಕೊಟ್ಟಿದ್ದ, ನಗುಮುಖದ ಚೆಂಡು. ದಿನವಿಡೀ ಹಿಸುಕುತ್ತಾ ಇರಿ ಎಂದು ಯಾರೋ ಹೇಳಿದ್ದರು. ಆ ಅಮ್ಮ ಚೆಂಡನ್ನು ನನ್ನ ಮುಂದಿಟ್ಟು ಕೇಳಿದರು: ‘ಇದನ್ನು ಹಿಸುಕಿದರೆ ಏನು ಬರುತ್ತದೆ ಮೇಡಂ? ನಿಂಬೆಹಣ್ಣಾಗಿದ್ದರೆ ರಸವಾದರೂ ಬರುತ್ತಿತ್ತು.’

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಸೆಡೆತ ಬಂದ ಕೈಗೆ ಮುಷ್ಟಿ ಕಟ್ಟುವುದು ತಾನಾಗಿಯೇ ಬರುತ್ತದೆ; ಬಾರದಿರುವುದು ಬೆರಳು ಬಿಡಿಸುವುದು. ಚೆಂಡು ಹಿಸುಕಿದಷ್ಟೂ ಬಿಗಿತವನ್ನೇ ಅಭ್ಯಾಸ ಮಾಡಿಸಿದಂತಾಗುತ್ತದೆ. ಈ ಸಭೆಯಲ್ಲಿ ಯಾರ ಮನೆಯಲ್ಲಾದರೂ ಅಂತಹ ಚೆಂಡಿದ್ದರೆ ಮೊಮ್ಮಕ್ಕಳಿಗೆ ಆಡಲು ಕೊಟ್ಟುಬಿಡಿ.

‘ನಿಮಗೆ ಏನು ಮಾಡಲು ಬರಬೇಕಮ್ಮ?’ ಎಂದು ಕೇಳಿದೆ. ‘ಹೂ ಕಟ್ಟಬೇಕು’ ಎಂದರು. ಹಾಗಾದರೆ ಹೂವಿನಿಂದಲೇ ಶುರುಮಾಡೋಣ ಎಂದೆ. ಬಾಳೆ ನಾರನ್ನು ನೀರಿನಲ್ಲಿ ನೆನೆಸಿ ಎಳೆ ಎಳೆಯಾಗಿ ಬಿಡಿಸುವುದು ಮೊದಲ ಕೆಲಸ. ಎಡಗೈ ಬಿಡಿಸುತ್ತಿತ್ತು, ಬಲಗೈ ನಾರಿನ ತುದಿಯ ಮೇಲೆ ಭಾರವಾಗಿ ಕುಳಿತಿರುತ್ತಿತ್ತು, ಅಷ್ಟೇ. ಆಮೇಲೆ ಬುಟ್ಟಿಯಿಂದ ಸೇವಂತಿಗೆ ತೆಗೆದು ತಟ್ಟೆಗೆ ಹಾಕುವುದು. ಹೂವನ್ನು ಹಿಡಿಯುವುದು ಬೇಗ ಬಂತು. ತಟ್ಟೆಯ ಮೇಲೆ ಅದನ್ನು ಬಿಡುವುದು ವಾರಗಟ್ಟಲೆ ಬರಲಿಲ್ಲ; ಮುಷ್ಟಿಯೊಳಗೆ ಹೂ ನಜ್ಜುಗುಜ್ಜಾಗುತ್ತಿತ್ತು. ‘ನಷ್ಟವಾಯಿತು’ ಎಂದು ಆ ಅಮ್ಮ ಎಡಗೈಯಿಂದ ಬಲಗೈಗೆ ಒಂದು ಏಟು ಕೊಡುತ್ತಿದ್ದರು. ಸೇವಂತಿಗೆಯ ನಂತರ ಕನಕಾಂಬರ, ಕೊನೆಗೆ ಮಲ್ಲಿಗೆ ಮೊಗ್ಗು. ದೊಡ್ಡದರಿಂದ ಸಣ್ಣದಕ್ಕೆ. ಯಾವ ಥೆರಪಿ ಸಲಕರಣೆಯ ಅಂಗಡಿಯಲ್ಲೂ ನನಗೆ ಇಷ್ಟು ಅಚ್ಚುಕಟ್ಟಾದ ಕ್ರಮ ಸಿಕ್ಕಿಲ್ಲ.

ಪ್ರಮಾಣದ ಮಾತಿಗೆ ಬರುತ್ತೇನೆ. ವಿದೇಶದ ಪುನರ್ವಸತಿ ಕೇಂದ್ರಗಳಲ್ಲಿ ಥೆರಪಿ ನಡೆಯುವಾಗ ಕುಳಿತು ಎಣಿಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕೈಯ ಉಪಯುಕ್ತ ಚಲನೆಗಳು ಒಂದು ಅವಧಿಯಲ್ಲಿ ನಡೆದದ್ದು ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳು ಬದಲಾಗುವುದು ಕಂಡುಬಂದಾಗ ದಿನಕ್ಕೆ ಮಾಡಿಸಿದ್ದು 400ರಿಂದ 600 ಸಲ. 32 ಎಲ್ಲಿ, 400 ಎಲ್ಲಿ! ಇನ್ನು ಹೂ ಕಟ್ಟುವುದನ್ನು ನೋಡಿ. ಒಂದು ಮಾರು ಕನಕಾಂಬರಕ್ಕೆ ಎಷ್ಟು ಗಂಟು ಬೇಕೆಂದು ಇಲ್ಲಿರುವ ಅಮ್ಮಂದಿರಿಗೆ ನಾನು ಹೇಳಬೇಕೇ? ಲೆಕ್ಕವಿಡದೆ ನೂರಾರು ಸಲ ಬೆರಳು ಆಡುತ್ತದೆ, ಬೇಸರವಿಲ್ಲದೆ ಆಡುತ್ತದೆ.

ಅವರು ಮತ್ತೆ ಫುಟ್‌ಪಾತಿನಲ್ಲಿ ಕುಳಿತ ಮೇಲೆ ಇನ್ನೊಂದು ತಕರಾರು ಎದ್ದಿತು. ಮೊಳ ಹಾಕುವುದೆಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಅಳೆಯುವುದಲ್ಲವೇ? ಬೆರಳು ಪೂರ್ತಿ ಬಿಚ್ಚದೆ ಅವರ ಮೊಳ ಗಿಡ್ಡವಾಗುತ್ತಿತ್ತು. ಎಡಗೈಯಲ್ಲಿ ಅಳೆಯಿರಿ ಎಂದು ಸೊಸೆ ಹೇಳಿದರೆ ಒಪ್ಪಲಿಲ್ಲ. ಹಳೆಯ ಗಿರಾಕಿಯೊಬ್ಬರು ಹೂ ಕಡಿಮೆಯಾಯಿತು ಎಂದು ಮುಖ ಸಪ್ಪಗೆ ಮಾಡಿದರಂತೆ. ಅಳತೆಯಲ್ಲಿ ಮೋಸ ಮಾಡಿದವಳೆನಿಸಿಕೊಳ್ಳಬಾರದು ಎಂಬ ಒಂದೇ ಹಟಕ್ಕೆ ಆ ಅಮ್ಮ ಬೆಳಿಗ್ಗೆ ಸಂಜೆ ಅಂಗೈಯನ್ನು ಗೋಡೆಗೆ ಒತ್ತಿ ಬೆರಳು ಬಿಡಿಸುವ ಅಭ್ಯಾಸ ಮಾಡಿದರು. ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದರು. ಪೂರ್ತಿ ಗುಣವಾದರು ಎಂದು ಹೇಳುವುದಿಲ್ಲ. ಇಂದಿಗೂ ಬಲಗಾಲಿಗೆ ಸ್ಪ್ಲಿಂಟ್ ಇದೆ, ಮೊದಲು ಕಟ್ಟುತ್ತಿದ್ದುದರ ಅರ್ಧದಷ್ಟು ಹೂ ಕಟ್ಟುತ್ತಾರೆ. ಆದರೆ ಮೊಳ ಸರಿಯಾಗಿದೆ.

ಹೂ ಕಟ್ಟದವರು ಏನು ಮಾಡಬೇಕು ಎಂದು ಕೇಳುತ್ತೀರಿ. ನಿಮ್ಮ ಮನೆಯವರು ಏನು ಮಾಡುತ್ತಿದ್ದರೋ ಅದನ್ನೇ. ಇನ್ನೇನು ಅವರೆಕಾಯಿ ಕಾಲ ಬರುತ್ತದೆ. ಕಾಯಿ ಸುಲಿಯುವುದು, ಹಿದುಕಿದ ಬೇಳೆ ಮಾಡುವುದು ಹೆಬ್ಬೆರಳು ತೋರುಬೆರಳಿಗೆ ಒಳ್ಳೆಯ ಕೆಲಸ. ಬ್ಯಾಂಕಿನಲ್ಲಿದ್ದವರಾದರೆ ನೋಟು ಎಣಿಸಲಿ, ಸಹಿ ಮಾಡಲಿ. ನೀವು ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲಬೇಕು. ಅದೇ ಕಷ್ಟ, ನನಗೆ ಗೊತ್ತು. ತಟ್ಟೆಯ ಅನ್ನ ಅರ್ಧ ಚೆಲ್ಲುವುದನ್ನು ನೋಡುತ್ತಾ ಕೂರಲು ನಮ್ಮ ಹೆಣ್ಣುಮಕ್ಕಳಿಂದ ಆಗುವುದಿಲ್ಲ. ತುತ್ತು ಮಾಡಿ ಬಾಯಿಗಿಡುತ್ತೀರಿ, ಗುಂಡಿ ಹಾಕುತ್ತೀರಿ, ತಲೆ ಬಾಚುತ್ತೀರಿ. ಅಷ್ಟೂ ಅಭ್ಯಾಸವನ್ನು ಅವರ ಕೈಯಿಂದ ಕಿತ್ತುಕೊಂಡಂತಾಗುತ್ತದೆ.

ಇದನ್ನೇ ಶಾಸ್ತ್ರೀಯವಾಗಿ ಮಾಡುವ ವಿಧಾನವೊಂದಿದೆ. ಚೆನ್ನಾಗಿರುವ ಕೈಗೆ ಗವುಸು ತೊಡಿಸಿ, ಸೋತ ಕೈಯನ್ನೇ ಬಳಸುವಂತೆ ಮಾಡುವುದು. ಅಮೆರಿಕದ ಎಡ್ವರ್ಡ್ ಟೌಬ್ ಇದನ್ನು ರೂಪಿಸಿದರು. 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾದವರಿಗೆ ಎರಡು ವಾರ ಹೀಗೆ ಮಾಡಿಸಿದಾಗ ಕೈ ಸುಧಾರಿಸಿತು. ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು. ಮೂರು ತಿಂಗಳಿಗೆ ಎಲ್ಲ ಮುಗಿಯಿತು ಎನ್ನುವ ನೆಂಟರಿಗೆ ಇದನ್ನು ಹೇಳಿ. ಆದರೆ ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲೇಳುವವರಿಗೆ ಮಾತ್ರ ಇದು ಹೊಂದುತ್ತದೆ. ಮನೆಯಲ್ಲಿ ನೀವೇ ಒಳ್ಳೆಯ ಕೈ ಕಟ್ಟಿಹಾಕಿ ನಡೆಸಿದರೆ ಬಿದ್ದಾರು. ಕನ್ನಡಿ ಚಿಕಿತ್ಸೆಗೆ ಇಂತಹ ಅಪಾಯವಿಲ್ಲ. ನಮ್ಮವರೇ ಆದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಕೈ ಕಳೆದುಕೊಂಡವರ ನೋವಿಗಾಗಿ ಬಳಸಿದ ಉಪಾಯ ಅದು; ಆಮೇಲೆ ಪಾರ್ಶ್ವವಾಯುವಿಗೂ ಬಂತು. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ ಒಳ್ಳೆಯ ಕೈ ಆಡಿಸಿದರೆ, ಸೋತ ಕೈ ಆಡುತ್ತಿರುವಂತೆ ಕಣ್ಣಿಗೆ ಕಾಣುತ್ತದೆ. ಮನೆಯ ಕನ್ನಡಿಯೇ ಸಾಕು, ಆದರೆ ಕೂರುವ ಕ್ರಮವನ್ನು ಥೆರಪಿಸ್ಟ್ ಒಮ್ಮೆ ತೋರಿಸಿಕೊಡಬೇಕು.

ಹೆಚ್ಚು ಅಭ್ಯಾಸ ಒಳ್ಳೆಯದು ಎಂದು ಆಸ್ಪತ್ರೆಯ ಮೊದಲ ದಿನವೇ ಎಬ್ಬಿಸಿ ನಡೆಸಲು ಹೋಗಬೇಡಿ. ಮೊದಲ 24 ಗಂಟೆಯೊಳಗೇ ಪದೇ ಪದೇ ಎಬ್ಬಿಸಿದವರ ಸ್ಥಿತಿ ಮೂರು ತಿಂಗಳ ನಂತರ ಅಷ್ಟು ಚೆನ್ನಾಗಿರಲಿಲ್ಲ ಎಂದು 2015ರ ಅಂತರರಾಷ್ಟ್ರೀಯ ಪರೀಕ್ಷೆ ತೋರಿಸಿತು. ಪ್ರಮಾಣ ಎಂದರೆ ಇದೂ ಸೇರಿತು.

ಈಗ ನನಗೆ ಬಹಳ ಮುಖ್ಯವಾದ ಮಾತು. ಮನೆಯವರಿಗೇ ತರಬೇತಿ ಕೊಟ್ಟರೆ ಸಾಲದೇ, ಥೆರಪಿಸ್ಟ್ ಯಾಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ಉತ್ತರ ಹುಡುಕಿದ್ದಾರೆ. ಭಾರತದ 14 ಆಸ್ಪತ್ರೆಗಳಲ್ಲಿ, 1,250 ರೋಗಿಗಳೊಂದಿಗೆ, ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ಪುನರ್ವಸತಿ ಮಾಡಿಸಿ ನೋಡಿದರು. 2017ರಲ್ಲಿ ಫಲಿತಾಂಶ ಬಂತು. ಮಾಮೂಲಿ ಆರೈಕೆಗೂ ಇದಕ್ಕೂ ಆರು ತಿಂಗಳ ನಂತರ ಹೇಳಿಕೊಳ್ಳುವಂತಹ ವ್ಯತ್ಯಾಸ ಇರಲಿಲ್ಲ. ಮನೆಯವರ ಪ್ರೀತಿ ಸಾಲಲಿಲ್ಲ ಎಂದು ನಾನು ಇದನ್ನು ಓದುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗಿ ಬರುವ ಸೊಸೆಯ ತಲೆಯ ಮೇಲೆ ಫಿಸಿಯೋಥೆರಪಿಯನ್ನೂ ಹೊರಿಸಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ ಎಂದು ಓದುತ್ತೇನೆ. ಮನೆಯವರು ಜೊತೆಗಿರಬೇಕು. ದಾರಿ ತೋರಿಸುವವರು, ವಾರವಾರ ಬಂದು ಪ್ರಮಾಣ ಬದಲಿಸುವವರು ಬೇರೆಯೇ ಇರಬೇಕು.

ಎಲ್ಲಿ ಎಂಬ ಪ್ರಶ್ನೆಯೂ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗಿಗಳಿಗೆಂದೇ ಪುನರ್ವಸತಿ ವಿಭಾಗವಿದೆ. ಅಲ್ಲಿ ಒಳ್ಳೆಯ ಕೆಲಸ ನಡೆಯುತ್ತದೆ. 1959ರಿಂದ ಅಂಗವಿಕಲರಿಗಾಗಿ ಕೆಲಸ ಮಾಡುತ್ತಿರುವ ಎ.ಪಿ.ಡಿ. ಸಂಸ್ಥೆ ಲಿಂಗರಾಜಪುರದಲ್ಲಿದೆ, ಸ್ಪ್ಲಿಂಟ್ ಮತ್ತು ಸಾಧನಗಳಿಗೆ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಇದೆ. ಆದರೆ ಯಲಹಂಕದಿಂದ, ಪೀಣ್ಯದಿಂದ, ಒಂದು ಕೈ ಒಂದು ಕಾಲು ಸೋತವರನ್ನು ಆಟೊದಲ್ಲಿ ಕೂರಿಸಿಕೊಂಡು ವಾರಕ್ಕೆ ಮೂರು ಸಲ ಈ ನಗರದ ಟ್ರಾಫಿಕ್ಕಿನಲ್ಲಿ ಬರಲು ಯಾರಿಂದ ಸಾಧ್ಯ? ಜೊತೆಗೆ ಬರುವವರ ದಿನದ ಕೂಲಿಯೂ ಹೋಗುತ್ತದೆ. ಎರಡು ವಾರ ಬರುತ್ತಾರೆ, ಮೂರನೆಯ ವಾರ ನಿಲ್ಲುತ್ತಾರೆ. ವಾರ್ಡಿಗೊಂದು ಎಂದು ಸರ್ಕಾರ ತೆರೆದ ‘ನಮ್ಮ ಕ್ಲಿನಿಕ್’ಗಳು ಮನೆಯ ಹತ್ತಿರ ಇವೆ. ಪ್ರತಿಯೊಂದರಲ್ಲೂ ವಾರದಲ್ಲಿ ಎರಡು ದಿನ ಒಬ್ಬ ಫಿಸಿಯೋಥೆರಪಿಸ್ಟ್ ಕೂರಲಿ, ಒಂದು ದಿನ ಹಾಸಿಗೆ ಹಿಡಿದವರ ಮನೆಗೆ ಹೋಗಲಿ. ಪ್ರತಿ ವರ್ಷ ನಮ್ಮ ಕಾಲೇಜುಗಳಿಂದ ಕಲಿತು ಹೊರಬರುವ ಮಕ್ಕಳಿಗೆ ಕೆಲಸವೂ ಆಗುತ್ತದೆ. ಎಷ್ಟು, ಎಲ್ಲಿ, ಯಾರಿಂದ, ಎಲ್ಲಿಯವರೆಗೆ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಎರಡಕ್ಕಾದರೂ ಅಲ್ಲಿ ಉತ್ತರ ಸಿಗುತ್ತದೆ.

ಸಂಘಟಕರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷವೂ ಇಲ್ಲ. ಮಾತು, ನುಂಗುವುದು, ಮನಸ್ಸು, ಇವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ.

ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿ. ಗಂಜಿಗಿಂತ ನೀರು ಹೆಚ್ಚು ಅಪಾಯ. ತೆಳುವಾದದ್ದು ಬೇಗ ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ತರುತ್ತದೆ. ನೋಡಲು ಬಂದವರು ಭಕ್ತಿಯಿಂದ ತೀರ್ಥ ತಂದಿರುತ್ತಾರೆ, ಮಲಗಿದ್ದವರ ಬಾಯಿಗೆ ಒಂದು ಉದ್ಧರಣೆ ಬಿಡುತ್ತಾರೆ. ದಯವಿಟ್ಟು ತಲೆಯ ಮೇಲೆ ಪ್ರೋಕ್ಷಿಸಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಮಾತು ಹೋದವರಿಗೆ ಬುದ್ಧಿ ಹೋಗಿಲ್ಲ. ಅವರ ಎದುರಿಗೇ ಅವರ ಬಗ್ಗೆ ಮಾತನಾಡಬೇಡಿ. ಒಂದು ಪದ ಬಾರದವರು ಭಜನೆಯಲ್ಲಿ ಇಡೀ ಸಾಲು ಹಾಡಿಬಿಡುವುದುಂಟು. ಅದನ್ನೇ ಹಿಡಿದು ಮುಂದುವರಿಯುವ ಥೆರಪಿಯೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕೆಲಸಕ್ಕೆ ಹೆಸರಾದದ್ದು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರ ಊರು ನಮ್ಮದು. ಮನೆಯಲ್ಲಿ ಜಗಳ ಆಡುತ್ತಿದ್ದುದು ಯಾವ ಭಾಷೆಯಲ್ಲೋ ಅದರಲ್ಲಿ ಥೆರಪಿ ಕೇಳಿ.

ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದನ್ನು ಸೋಮಾರಿತನ, ಹಟ ಎಂದು ಬಯ್ಯಬೇಡಿ, ವೈದ್ಯರಿಗೆ ಹೇಳಿ. ಬಿ.ಪಿ. ಮಾತ್ರೆಯನ್ನು ‘ಈಗ ನಾರ್ಮಲ್ ಇದೆ’ ಎಂದು ನಿಲ್ಲಿಸಬೇಡಿ. ನಾರ್ಮಲ್ ಇರುವುದು ಮಾತ್ರೆಯಿಂದಲೇ. ಅಂಗವೈಕಲ್ಯ ಶೇಕಡಾ 40 ಅಥವಾ ಹೆಚ್ಚಿದ್ದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಎಂಬ ಗುರುತಿನ ಕಾರ್ಡ್ ಸಿಗುತ್ತದೆ. ಅದಕ್ಕೆ ಅರ್ಜಿ ಹಾಕಲು ನಾಚಿಕೆ ಬೇಡ.

ಭುಜದ ವಿಷಯ ಮಾತ್ರ ಓಡಿಸಿ ಹೇಳುವಂತಹದಲ್ಲ. ಸೋತ ಕೈಯ ಭುಜದ ಕೀಲನ್ನು ಹಿಡಿದಿರಬೇಕಾದ ಸ್ನಾಯುಗಳು ಸಡಿಲವಾಗಿರುತ್ತವೆ. ಕಂಕುಳಿಗೆ ಕೈ ಹಾಕಿ ಎತ್ತಿದರೆ, ಕೈ ಹಿಡಿದು ಎಳೆದು ಕೂರಿಸಿದರೆ ಕೀಲು ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ನೋವಿದ್ದರೆ ಅಭ್ಯಾಸವೂ ನಿಂತಿತು. ಇದನ್ನು ಮಾತಿನಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ‘ನಮ್ಮ ಕ್ಲಿನಿಕ್’ಗಳಲ್ಲಿ ಫಿಸಿಯೋಥೆರಪಿಸ್ಟ್ ಬೇಕೆಂಬ ಮನವಿಯ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಸಹಿಯ ಜೊತೆ ವಾರ್ಡ್ ಹೆಸರನ್ನೂ ಬರೆಯಿರಿ. ಈಗ ಮುಂದಿನ ಸಾಲಿನಿಂದ ಇಬ್ಬರು ವೇದಿಕೆಗೆ ಬನ್ನಿ. ಒಬ್ಬರು ಈ ಕುರ್ಚಿಯಲ್ಲಿ ಕುಳಿತುಕೊಳ್ಳಿ, ಇನ್ನೊಬ್ಬರು ಅವರ ಸೋತ ಕೈಯ ಪಕ್ಕಕ್ಕೆ ಬಂದು ನಿಲ್ಲಿ.