ಫ್ರಿಜ್ಜಿನಿಂದ ಎದ್ದು ಬಂದವನಿಗೆ ಒಂದು ಗೀರೂ ಇಲ್ಲ!

ನಮಸ್ಕಾರ, ಬನ್ನಿ ಬನ್ನಿ. ಇವತ್ತು ಬೇರೆ ವಿಡಿಯೊ ಮಾಡಬೇಕಿತ್ತು. ಆದರೆ ಕಳೆದ ವಾರದ ವಿಡಿಯೊ ಕೆಳಗೆ ಒಬ್ಬ ಮಹಾನುಭಾವರು ಕಾಮೆಂಟ್ ಹಾಕಿದ್ದಾರೆ: "ಗುರು, ಇಂಡಿಯಾನಾ ಜೋನ್ಸ್ ನಾಲ್ಕನೇ ಭಾಗ ಚೆನ್ನಾಗೇ ಇದೆ, ನಿನಗೆ ವಯಸ್ಸಾಯ್ತು." ವಯಸ್ಸಾಗಿದೆ, ಒಪ್ಪಿದೆ. ಇನ್ನೊಂದನ್ನು ಒಪ್ಪಲ್ಲ.

ನನ್ನ ತಕರಾರು ಒಂದೇ. ಇಂಡಿಗೆ, ಅಂದರೆ ಈ ಹಾಲಿವುಡ್ ಸಾಹಸ ಸಿನಿಮಾಗಳ ಹೀರೋ ಇಂಡಿಯಾನಾ ಜೋನ್ಸ್‌ಗೆ, ನೋವಾಗಬೇಕು.

1981ರ ಮೊದಲ ಭಾಗ ನೆನಪಿಸಿಕೊಳ್ಳಿ. ಲಾರಿ ಹಿಂದೆ ನೆಲಕ್ಕೆ ಉಜ್ಜಿಸಿಕೊಂಡು ಹೋಗಿರುತ್ತಾನೆ. ಆಮೇಲೆ ಹಡಗಿನಲ್ಲಿ ಅವನ ಪ್ರೇಯಸಿ ಮೇರಿಯನ್ ಕನ್ನಡಿ ತಿರುಗಿಸುತ್ತಾಳೆ, ಅದರ ಅಂಚು ಸರಿಯಾಗಿ ಇವನ ಗದ್ದಕ್ಕೆ! ಗಾಯ ಒರೆಸಲು ಬಂದರೆ ಚಿಕ್ಕ ಮಗು ಥರ ಕೂಗುತ್ತಾನೆ. ಎಲ್ಲಿ ನೋವಿಲ್ಲ ಹೇಳು ಅಂತ ರೇಗಿದರೆ ಮೊಣಕೈ ತೋರಿಸುತ್ತಾನೆ. ಅಲ್ಲೊಂದು ಮುತ್ತು. ಆಮೇಲೆ ಹಣೆ, ಕಣ್ಣು, ತುಟಿ. ಅಷ್ಟರಲ್ಲಿ ಆಸಾಮಿಗೆ ನಿದ್ದೆ! ಇಂಥವನನ್ನು ಹೇಗೆ ಇಷ್ಟಪಡದೇ ಇರೋದು?

ಈಗ 2008ರ ನಾಲ್ಕನೇ ಭಾಗಕ್ಕೆ ಬನ್ನಿ. 19 ವರ್ಷ ಕಾದಿದ್ದೆವು. ನೆವಾಡಾದಲ್ಲಿ ಅಣುಬಾಂಬ್ ಪರೀಕ್ಷೆ. ಇಂಡಿ ಫ್ರಿಜ್ಜಿನೊಳಗೆ ಮುದುರಿ ಕೂರುತ್ತಾನೆ. ಊರೇ ಸುಟ್ಟು ಹೋಗುತ್ತದೆ, ಫ್ರಿಜ್ ಆಕಾಶಕ್ಕೆ ಹಾರುತ್ತದೆ, ಬಿದ್ದು ಉರುಳುತ್ತದೆ. ಬಾಗಿಲು ತೆರೆಯುತ್ತದೆ. ಸಾಹೇಬರು ಹೊರಗೆ ಬಂದು ಎದ್ದು ನಿಲ್ಲುತ್ತಾರೆ! ನಮ್ಮನೆ ಫ್ರಿಜ್ಜಿಗೆ ಕಾಲಿನ ಕಿರುಬೆರಳು ತಗುಲಿ ನಾನು ಮೂರು ದಿನ ಕುಂಟಿದ್ದೇನೆ ಕಣ್ರೀ.

ಏಲಿಯನ್ ಬಂದಿದ್ದಕ್ಕೆ ನನಗೆ ಬೇಜಾರಿಲ್ಲ. ಮೊದಲ ಭಾಗದಲ್ಲಿ ಪೆಟ್ಟಿಗೆ ತೆಗೆದರೆ ದೆವ್ವಗಳು ಬರಲಿಲ್ವಾ? ಆದರೆ ಮೂರು ಜಲಪಾತ, ಒಂದಾದ ಮೇಲೊಂದು, ಗಾಡಿ ಸಮೇತ ಬೀಳುತ್ತಾರೆ. ಒಬ್ಬರಾದರೂ ಸೊಂಟ ಹಿಡಿದುಕೊಂಡರಾ? ಇಂಡಿ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್‌ಗೆ ಆಗ 65 ವರ್ಷ! ಆ ವಯಸ್ಸಿಗೆ ಮಂಚದಿಂದ ಏಳುವಾಗಲೇ "ಅಮ್ಮಾ" ಅನ್ನಬೇಕು. ನೋವಾಗಬೇಕು ರೀ!

(ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದವರು ಈಗಲೇ ಆಗಿ. ಬೆಲ್ ಒತ್ತಿ. ಬೆರಳಿಗೆ ನೋವಾಗಲ್ಲ.)

ಗೊತ್ತು, ಈಗ ಕೇಳುತ್ತೀರಿ. 1984ರ ಎರಡನೇ ಭಾಗದಲ್ಲಿ ವಿಮಾನದಿಂದ ರಬ್ಬರ್ ದೋಣಿಯಲ್ಲಿ ಹಾರಲಿಲ್ವಾ ಅಂತ. ಅದು ಬೇರೆ. ಹೇಗೆ ಬೇರೆ? ಅದರಲ್ಲಿ ಅಮರೀಶ್ ಪುರಿ ಇದ್ದರು. ನಮ್ಮ "ಕಾಡು" ಸಿನಿಮಾದ ಚಂದ್ರೇಗೌಡ! ಮುಂದಿನ ಪ್ರಶ್ನೆ.

ನಾಲ್ಕನೇ ಭಾಗ ದುಡ್ಡು ಮಾಡಿತಲ್ಲ? ಮಾಡಿತು, ಸುಮಾರು 79 ಕೋಟಿ ಡಾಲರ್. ಅದರಲ್ಲಿ ನನ್ನ ಟಿಕೆಟ್ ದುಡ್ಡೂ ಇದೆ. ಅದನ್ನೇ ವಾಪಸ್ ಕೇಳ್ತಿರೋದು.

1989ರ ಮೂರನೇ ಭಾಗದಲ್ಲೇ ಕಥೆ ಮುಗಿದಿತ್ತು. ಇಂಡಿ, ಅವನಪ್ಪ, ಸ್ನೇಹಿತರು ಕುದುರೆ ಹತ್ತಿ, ಮುಳುಗುವ ಸೂರ್ಯನ ಕಡೆ ಹೊರಟುಹೋಗಿದ್ದರು. ಹೋದವರನ್ನು ಯಾಕೆ ಕರೆದಿರಿ? ಕರೆದಿರಿ ಸರಿ, ಒಂದು ಬ್ಯಾಂಡೇಜ್ ಆದರೂ ಕಟ್ಟಬಾರದಿತ್ತಾ? ನಾಲ್ಕನೇ ಭಾಗದಲ್ಲಿ ಇಂಡಿಯ ಮಗ ಕೋತಿಗಳ ಜೊತೆ ಬಳ್ಳಿ ಹಿಡಿದು ಜೋತಾಡುತ್ತಾನೆ, ಅಂಗೈ ಕೂಡ ಕೆಂಪಾಗಲ್ಲ! ಯಾಕೆ? ಯಾಕೆ ಅಂದರೆ... ನೋವಾಗಬೇಕು ಅಷ್ಟೇ.

2023ರ ಐದನೇ ಭಾಗದ ಬಗ್ಗೆ ಸಾವಿರ ಲೈಕ್ ಬಂದರೆ ಮಾತಾಡುತ್ತೇನೆ. ಹೋಗಲಿ, ಐನೂರು.

ಕಾಮೆಂಟ್ ಹಾಕಿದ ಗುರುಗಳೇ, ಭಾನುವಾರ ಮನೆಗೆ ಬನ್ನಿ. ಫ್ರಿಜ್ ಖಾಲಿ ಮಾಡಿಸಿಟ್ಟಿರುತ್ತೇನೆ.