ಎರಡು ಸಲ ಹಾಡುವ ಸಾಲು

ಕೇಳುಗರಿಗೆಲ್ಲ ನಮಸ್ಕಾರ.

ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಹತ್ತಿರದ ಒಂದು ಹಳೇ ಮನೆಯ ಜಗಲಿಯಲ್ಲಿ ಕೂತು ಬ್ಲೂಸ್ ಅನ್ನೋ ಅಮೆರಿಕದ ಹಾಡು ಕೇಳಿದೆ. ಮೈಕ್ ಇರಲಿಲ್ಲ, ವೇದಿಕೆಯೂ ಇರಲಿಲ್ಲ. ಹಾಡಿದ ಮೂವರೂ ನಮ್ಮ ಕಡೆಯವರೇ. ಇಬ್ಬರ ಕೈಯಲ್ಲಿ ಗಿಟಾರ್, ಇನ್ನೊಬ್ಬರ ಹತ್ತಿರ ಮೌತ್ ಆರ್ಗನ್. ಕೇಳೋಕೆ ಬಂದವರು ಇಪ್ಪತ್ತೈದು ಜನ ಇದ್ದೆವೇನೋ. ಕಂಬಳಿ ಹಾಸಿಕೊಂಡು ಕೂತಿದ್ದೆವು.

ಎರಡನೇ ಹಾಡಿಗೇ ಮಳೆ ಜೋರಾಯಿತು. ಹೆಂಚಿನ ಮೇಲೆ ಬೀಳುವ ನಮ್ಮ ಮಳೆ ಗೊತ್ತಲ್ವಾ, ಪಕ್ಕದವರ ಮಾತೂ ಕೇಳೋದಿಲ್ಲ. ಹಾಡುವವರು ದನಿ ಏರಿಸಲಿಲ್ಲ. ನಾವೇ ಕಂಬಳಿ ಎಳೆದುಕೊಂಡು ಮುಂದೆ ಸರಿದೆವು. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ. ಆಗ ತಂತಿಯ ಮೇಲೆ ಬೆರಳು ಜಾರುವ ಸದ್ದು ಕೇಳಿತು. ಮೌತ್ ಆರ್ಗನ್‌ನವರು ಉಸಿರು ಎಳೆದುಕೊಳ್ಳೋದೂ ಕೇಳಿತು. ದೊಡ್ಡ ಸ್ಪೀಕರಿನಲ್ಲಿ ಇದೆಲ್ಲ ಕಳೆದುಹೋಗುತ್ತೆ.

ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದಲ್ಲಿ, ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ನಡುವೆ. ಕಾನೂನಿನಲ್ಲಿ ಗುಲಾಮಗಿರಿ ಮುಗಿದಿತ್ತು. ಸಾಲ ಮುಗಿದಿರಲಿಲ್ಲ, ಅವಮಾನವೂ ಮುಗಿದಿರಲಿಲ್ಲ. ಮಿಸಿಸಿಪ್ಪಿಯ ಬ್ಲೂಸ್ ಹಾಡುಗಾರ ರಾಬರ್ಟ್ ಜಾನ್ಸನ್ ಮೊದಲ ಸಲ ರೆಕಾರ್ಡಿಗೆ ಹಾಡಿದ್ದು 1936ರ ನವೆಂಬರಿನಲ್ಲಿ, ಟೆಕ್ಸಾಸಿನ ಒಂದು ಹೋಟೆಲ್ ಕೋಣೆಯಲ್ಲಿ. ಮರುವರ್ಷದ್ದೂ ಸೇರಿ ಅವರು ಬಿಟ್ಟುಹೋದದ್ದು 29 ಹಾಡು. 1938ರಲ್ಲಿ, 27ನೇ ವಯಸ್ಸಿಗೇ ತೀರಿಕೊಂಡರು. ಜಗಲಿಯಲ್ಲಿ ಕೂತಾಗ ಆ ಕೋಣೆ ನೆನಪಾಯಿತು.

ಈ ಹಾಡಿನ ಕಟ್ಟು ಸರಳ. ಹೆಚ್ಚಾಗಿ ಹನ್ನೆರಡು ಬಾರ್, ಅಂದರೆ ತಾಳದ ಹನ್ನೆರಡು ಸುತ್ತು. ಮೂರೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಮೂರೇ ಗುಂಪು. ಸಾಹಿತ್ಯವೂ ಮೂರೇ ಸಾಲು. ಮೊದಲ ಸಾಲನ್ನು ಎರಡು ಸಲ ಹಾಡುತ್ತಾರೆ, ಮೂರನೆಯದು ಅದಕ್ಕೆ ಉತ್ತರ. ಪ್ರತಿ ಸಾಲಿನಲ್ಲೂ ಅರ್ಧ ಜಾಗ ದನಿಗೆ, ಉಳಿದರ್ಧ ಗಿಟಾರಿಗೆ. ಹಾಡುವವರು ಸುಮ್ನಾದಾಗ ತಂತಿ ಮಾತಾಡುತ್ತೆ. ತಂತಿಯನ್ನು ಬೆರಳಿನಿಂದ ಬಾಗಿಸಿ, ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲಿಸುತ್ತಾರೆ. ಬ್ಲೂಸಿನ ನೋವೆಲ್ಲ ಆ ನಡುವಿನ ಜಾಗದಲ್ಲೇ ಇದೆ ಅಂತ ನನಗನ್ನಿಸುತ್ತೆ.

ಒಂದೇ ಸಾಲು ಎರಡು ಸಲ ಯಾಕೆ? ನಮ್ಮಲ್ಲಿ ದೀಪಾವಳಿಗೆ ದೀಪ ಹಿಡಿದು ರಾತ್ರಿಯಿಡೀ ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರನ್ನು ಕೇಳಿದ್ದೀರಲ್ಲ. ಮುಂದಿನವರು ಹೇಳಿದ ಸೊಲ್ಲನ್ನು ಹಿಂದಿನವರು ತಿರುಗಿ ಹೇಳುತ್ತಾರೆ. ಮೊದಲ ಸಲ ಅದು ಹಾಡಿದವರ ಮಾತು. ಎರಡನೇ ಸಲಕ್ಕೆ ನಮ್ಮದೂ ಆಗಿರುತ್ತೆ.

ಕೊನೆಗೆ ಗಿಟಾರಿನ ಹುಡುಗ ತಾನೇ ಕಟ್ಟಿದ ಒಂದು ಹಾಡು ಹೇಳಿದ. ಅವರ ತೋಟಕ್ಕೆ ಹಿಂದಿನ ಮಳೆಗಾಲ ಕೊಳೆರೋಗ ಬಂದಿತ್ತಂತೆ.

ಮಳೆ ಬಿಡಲಿಲ್ಲ, ಔಷಧಿ ಹೊಡೆಯೋಕಾಗಲಿಲ್ಲ.
ಮಳೆ ಬಿಡಲಿಲ್ಲ, ಔಷಧಿ ಹೊಡೆಯೋಕಾಗಲಿಲ್ಲ.
ಉದುರಿದ ಕಾಯಿ ಹೆಕ್ತಾ ಹೆಕ್ತಾ ಅಪ್ಪ ಮಾತೇ ಆಡಲಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಲ್ಲಿದ್ದವರಲ್ಲಿ ಅಡಿಕೆ ತೋಟದವರೇ ಜಾಸ್ತಿ. ಬಾಗಿಲ ಬಳಿ ಕೂತಿದ್ದ ಆ ಮನೆಯ ಅಜ್ಜಿ, "ಇನ್ನೊಂದ್ಸಲ ಹೇಳು ಮಗಾ" ಅಂದರು. ಅವನು ಮತ್ತೆ ಶುರುಮಾಡಿದ. ಎರಡನೇ ಸಾಲಿಗೆ ಬಂದಾಗ ಅಜ್ಜಿಯೂ ಸಣ್ಣ ದನಿಯಲ್ಲಿ ಸೊಲ್ಲು ಹಿಡಿದರು. ಅವನು ತಾನು ಹಾಡೋದು ನಿಲ್ಲಿಸಿ, ಅವರಿಗೆ ಗಿಟಾರ್ ನುಡಿಸಿದ.

ನಮಸ್ಕಾರ.