ಹೆಣ್ಣಿನ ಅನುಮಾನಕ್ಕೆ ಕಾರಣವಿದೆ

ಜೈವಿಕ ತಂತ್ರಜ್ಞಾನದ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಮೀಕ್ಷೆಗಳಲ್ಲಿ ಒಂದು ಸಂಗತಿ ಪದೇ ಪದೇ ಎದುರಾಗುತ್ತದೆ. ಹೆಂಗಸರು ಗಂಡಸರಿಗಿಂತ ಹೆಚ್ಚು ಹಿಂಜರಿಯುತ್ತಾರೆ. 2019–20ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಹಲವು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲೂ ಕುಲಾಂತರಿ (ವಂಶವಾಹಿ ಮಾರ್ಪಡಿಸಿದ) ಆಹಾರ ಸುರಕ್ಷಿತ ಎಂದವರಲ್ಲಿ ಸಾಮಾನ್ಯವಾಗಿ ಗಂಡಸರ ಪಾಲೇ ದೊಡ್ಡದಿತ್ತು.

ಇದಕ್ಕೆ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಅವರಿಗೆ ವಿಜ್ಞಾನ ತಿಳಿದಿಲ್ಲ, ತಿಳಿಸಿಕೊಟ್ಟರೆ ಸರಿಹೋಗುತ್ತದೆ." ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಮೆರಿಕದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪ್ರಶ್ನೆ ಕೇಳಿದ್ದು ಭೌತವಿಜ್ಞಾನ ಕ್ಷೇತ್ರದ ವಿಜ್ಞಾನಿಗಳನ್ನೇ. ಅಲ್ಲೂ ಪರಮಾಣು ತಂತ್ರಜ್ಞಾನದ ಅಪಾಯವನ್ನು ಮಹಿಳಾ ವಿಜ್ಞಾನಿಗಳು ಹೆಚ್ಚೆಂದು ಎಣಿಸಿದರು. ಅವರಿಗೆ ಯಾರು ಪಾಠ ಹೇಳಬೇಕು?

ಈಗ ಸಿಂಥೆಟಿಕ್ ಬಯಾಲಜಿಯ ಕಾಲ. ಬೇಕಾದ ಡಿಎನ್‌ಎಯನ್ನು ಕಂಪ್ಯೂಟರಿನಲ್ಲಿ ವಿನ್ಯಾಸಗೊಳಿಸಿ, ರಾಸಾಯನಿಕವಾಗಿ ತಯಾರಿಸಿ, ಜೀವಕೋಶಕ್ಕೆ ಸೇರಿಸಿ ಹೊಸ ಕೆಲಸ ಮಾಡಿಸುವ ವಿದ್ಯೆ ಇದು. 2010ರಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ಅವರ ತಂಡ ಪ್ರಯೋಗಾಲಯದಲ್ಲಿ ಜೋಡಿಸಿದ ಸಂಪೂರ್ಣ ಜೀನೋಮಿನಿಂದ (ಜೀವಿಯೊಂದರ ಇಡೀ ಡಿಎನ್ಎಯಿಂದ) ಬ್ಯಾಕ್ಟೀರಿಯಾ ಕೋಶವೊಂದನ್ನು ನಡೆಸಿ ತೋರಿಸಿತು. ಅದೇ ವರ್ಷ ಯುರೋಪಿನ ಜನಾಭಿಪ್ರಾಯ ಕೇಳಿದ ಯೂರೋಬ್ಯಾರೋಮೀಟರ್ ಸಮೀಕ್ಷೆಯಲ್ಲಿ ನೂರಕ್ಕೆ 83 ಮಂದಿ ಈ ಕ್ಷೇತ್ರದ ಹೆಸರನ್ನೇ ಕೇಳಿರಲಿಲ್ಲ. ಜನರ ಮನಸ್ಸು ಆಗಿನ್ನೂ ಗಟ್ಟಿಯಾಗಿರಲಿಲ್ಲ ಎಂದಾಯಿತು. ಅವರೊಡನೆ ಹೇಗೆ ಮಾತನಾಡುತ್ತೇವೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಈ ವಿದ್ಯೆಯ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ ಅನ್ನು ಬ್ಯಾಕ್ಟೀರಿಯಾಗಳಿಂದ ತಯಾರಿಸಿ ಮಾರುಕಟ್ಟೆಗೆ ತರಲು 1982ರಲ್ಲಿ ಅನುಮತಿ ಸಿಕ್ಕಿತು. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಹೆಣ್ಣಿನ ಅನುಮಾನಕ್ಕೂ ಒಂದು ಇತಿಹಾಸವಿದೆ, ಅದನ್ನು ಪಕ್ಕಕ್ಕಿಟ್ಟು ಮಾತನಾಡಲಾಗದು.

ಜೋಲ್ಪಿಡೆಮ್ ಎಂಬ ನಿದ್ರೆಮಾತ್ರೆಯನ್ನೇ ನೋಡಿ. 1992ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಗಂಡಿಗೂ ಹೆಣ್ಣಿಗೂ ಒಂದೇ ಪ್ರಮಾಣ, 10 ಮಿಲಿಗ್ರಾಂ. ರಾತ್ರಿ ನುಂಗಿದ ಮಾತ್ರೆ ಎಂಟು ಗಂಟೆ ಕಳೆದ ಮೇಲೂ, ಕಾರು ಓಡಿಸುವುದಕ್ಕೆ ಅಡ್ಡಿಯಾಗುವಷ್ಟು ಮಟ್ಟದಲ್ಲಿ, ನೂರರಲ್ಲಿ ಸುಮಾರು 15 ಹೆಂಗಸರ ರಕ್ತದಲ್ಲಿ ಉಳಿದಿರುತ್ತಿತ್ತು. ಗಂಡಸರಲ್ಲಿ ಆ ಸಂಖ್ಯೆ ಸುಮಾರು 3. ಹೆಂಗಸರ ದೇಹ ಈ ಔಷಧಿಯನ್ನು ನಿಧಾನವಾಗಿ ಹೊರಹಾಕುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೆಂಗಸರ ಪ್ರಮಾಣವನ್ನು 5 ಮಿಲಿಗ್ರಾಂಗೆ ಇಳಿಸಿದ್ದು 2013ರಲ್ಲಿ. ನಡುವಿನ ಸುಮಾರು 20 ವರ್ಷ ಎಷ್ಟು ಹೆಂಗಸರು ಬೆಳಿಗ್ಗೆ ಮಂಪರಿನಲ್ಲೇ ಸ್ಟೀರಿಂಗ್ ಹಿಡಿದರೋ! ಅದೇ ಸಂಸ್ಥೆ 1977ರಿಂದ 1993ರವರೆಗೆ ಗರ್ಭಿಣಿಯಾಗುವ ಸಾಧ್ಯತೆಯಿರುವ ಹೆಂಗಸರನ್ನು ಔಷಧ ಪ್ರಯೋಗಗಳ ಮೊದಲ ಹಂತಗಳಿಂದ ದೂರವಿಡಲು ಸೂಚಿಸಿತ್ತು. ರಕ್ಷಣೆಯ ಹೆಸರಿನಲ್ಲಿ ಹೊರಗಿಟ್ಟರು. ಕೊನೆಗೆ ಔಷಧಿಯನ್ನು ಮಾತ್ರ ಅವರಿಗೂ ಕೊಟ್ಟರು.

ಈ ಅಲಕ್ಷ್ಯ ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸುವ ತಟ್ಟೆಯವರೆಗೂ ಇಳಿದಿದೆ. ಕೋಶಗಳಿಗೂ ಲಿಂಗವಿದೆ. ಇಲಿಗಳ ಸ್ನಾಯುವಿನಿಂದ ತೆಗೆದ ಕಾಂಡಕೋಶಗಳಲ್ಲಿ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳಲ್ಲಿ) ಹೆಣ್ಣಿನವು ಸ್ನಾಯುವನ್ನು ಮರಳಿ ಬೆಳೆಸುವುದರಲ್ಲಿ ಮುಂದಿವೆ ಎಂದು 2007ರಲ್ಲೇ ಗೊತ್ತಾಗಿದೆ. ಆದರೂ ಬಳಸಿದ ಕೋಶ ಹೆಣ್ಣಿನದೋ ಗಂಡಿನದೋ ಎಂದು ಬರೆಯದ ಪ್ರಬಂಧಗಳು ಬೇಕಾದಷ್ಟಿವೆ. ಕೋಶಗಳನ್ನು ಬೆಳೆಸುವ ದ್ರವದ ಕೆಂಪು ಬಣ್ಣವನ್ನು ನೋಡಿದ್ದೀರಾ? ಅದು ಫಿನಾಲ್ ರೆಡ್, ಆಮ್ಲೀಯತೆ ಬದಲಾದದ್ದನ್ನು ತೋರಿಸಲು ಹಾಕುವ ಬಣ್ಣ. ಇದು ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನಿನಂತೆ ಸ್ತನ ಕ್ಯಾನ್ಸರ್ ಕೋಶಗಳನ್ನು ಪ್ರಚೋದಿಸುತ್ತದೆ ಎಂದು 1986ರಲ್ಲಿ ಪತ್ತೆಯಾಯಿತು. ತಟ್ಟೆಯಲ್ಲಿ ಹಾರ್ಮೋನೇ ಇಲ್ಲವೆಂದುಕೊಂಡು ನಡೆಸಿದ ಪ್ರಯೋಗಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕಾಯಿತು. ಈಸ್ಟ್ರೋಜನ್‌ಗೆ ಸ್ಪಂದಿಸುವ ಕೋಶಗಳಲ್ಲಿ ವಂಶವಾಹಿಗಳನ್ನು ಚಾಲೂ-ಬಂದ್ ಮಾಡುವ ಸ್ವಿಚ್ಚುಗಳನ್ನು ಕೂಡಿಸುವವರು ಇದನ್ನು ಮರೆತರೆ, ತಪ್ಪು ವಿನ್ಯಾಸದೊಳಗೇ ಸೇರಿಕೊಳ್ಳುತ್ತದೆ.

ಹೊರಗಿಡುವುದು ಒಂದು ಬಗೆಯ ಅನ್ಯಾಯ. ಬಳಸಿಕೊಳ್ಳುವುದು ಇನ್ನೊಂದು. ದಕ್ಷಿಣ ಕೊರಿಯಾದಲ್ಲಿ ವಿಜ್ಞಾನಿ ಹ್ವಾಂಗ್ ವೂ-ಸುಕ್ ಮಾನವ ಭ್ರೂಣವನ್ನು ಕ್ಲೋನ್ ಮಾಡಿ ಕಾಂಡಕೋಶ ಪಡೆದೆನೆಂದು ಘೋಷಿಸಿದಾಗ ಜಗತ್ತೇ ಕೊಂಡಾಡಿತು. ಫಲಿತಾಂಶ ಕಟ್ಟುಕತೆಯೆಂದು ಬಯಲಾಗಿ, 2006ರಲ್ಲಿ ಪ್ರಬಂಧಗಳನ್ನು ಹಿಂಪಡೆಯಲಾಯಿತು. ಆ ಹಗರಣದ ಕಥೆ ಹೇಳುವವರು ಸುಳ್ಳಿನ ಬಗ್ಗೆಯೇ ಮಾತನಾಡುತ್ತಾರೆ. ನನ್ನ ಮನಸ್ಸು ನಿಲ್ಲುವುದು ಆ ಪ್ರಯೋಗಕ್ಕೆ ಹೆಂಗಸರಿಂದ ಪಡೆದ ಅಂಡಾಣುಗಳ ಮೇಲೆ. ಎರಡು ಸಾವಿರಕ್ಕೂ ಹೆಚ್ಚು ಅಂಡಾಣುಗಳನ್ನು ಬಳಸಿದ್ದರು. ಪ್ರತಿ ದಾನಿಯೂ ದಿನಗಟ್ಟಲೆ ಹಾರ್ಮೋನ್ ಚುಚ್ಚುಮದ್ದು ತೆಗೆದುಕೊಂಡು, ಅಂಡಾಶಯಕ್ಕೆ ಸೂಜಿ ಹಾಕಿಸಿಕೊಳ್ಳಬೇಕಾಗುತ್ತದೆ. ಕೆಲವರಿಗೆ ಹೊಟ್ಟೆಯಲ್ಲಿ ನೀರು ತುಂಬುವಷ್ಟು ತೊಂದರೆಯಾಗುತ್ತದೆ. ದಾನಿಗಳಲ್ಲಿ ಆ ತಂಡದ ಕಿರಿಯ ಸಂಶೋಧಕಿಯರೂ ಇದ್ದರು. ಮೇಲಧಿಕಾರಿಯ ಎದುರು ಅವರು ಒಪ್ಪಿದ್ದನ್ನು ಸ್ವಂತ ಇಚ್ಛೆ ಎಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ಆದ್ದರಿಂದ ಜನರ ನಂಬಿಕೆ ಗಳಿಸಲು ಬರೀ ಪ್ರಚಾರ ಸಾಲದು. ಕೋಶದ ಲಿಂಗವನ್ನು ದಾಖಲಿಸಿ, ಹೆಣ್ಣು ಗಂಡು ಎರಡೂ ಬಗೆಯ ಪ್ರಾಣಿಗಳ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು ಬೇರೆ ಬೇರೆಯಾಗಿ ವಿಶ್ಲೇಷಿಸಿ. ಲಿಂಗವನ್ನು ಜೈವಿಕ ಅಂಶವಾಗಿ ಪರಿಗಣಿಸಬೇಕೆಂಬ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನೀತಿ 2016ರಿಂದ ಜಾರಿಗೆ ಬಂತು. ತಡವಾದರೂ ಒಳ್ಳೆಯ ಹೆಜ್ಜೆ. ಪ್ರಯೋಗಾಲಯದ ಹೊರಗೆ ಕೆಲಸ ಇನ್ನೂ ಕಷ್ಟ. 2019ರಲ್ಲಿ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ಬಾನಾ ಗ್ರಾಮದಲ್ಲಿ, ಮಲೇರಿಯಾ ತಡೆಯುವ ಸಂಶೋಧನೆಯ ಭಾಗವಾಗಿ, ವಂಶವಾಹಿ ಮಾರ್ಪಡಿಸಿದ, ಸಂತಾನಶಕ್ತಿಯಿಲ್ಲದ ಗಂಡು ಸೊಳ್ಳೆಗಳನ್ನು ಬಿಡಲಾಯಿತು. ಮಲೇರಿಯಾ ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಹೆಚ್ಚು ಅಪಾಯಕಾರಿ. ಇಂಥ ಪ್ರಯೋಗ ಎಲ್ಲೇ ನಡೆಯಲಿ, ಮನೆಯ ಯಜಮಾನರ ಒಪ್ಪಿಗೆಯನ್ನೇ ಊರಿನ ಒಪ್ಪಿಗೆಯೆಂದು ಬರೆದುಕೊಳ್ಳಬಾರದು. ಹೆಂಗಸರಿಗೆ ಬಿಡುವಿರುವ ಹೊತ್ತಿನಲ್ಲಿ ಸಭೆ ಕರೆಯಬೇಕು, ಅವರ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು, ಅವರು ಬೇಡವೆಂದರೆ ಯೋಜನೆಯನ್ನು ಬದಲಿಸುವುದಕ್ಕೂ ತಯಾರಿರಬೇಕು.